ಇನ್‌ಹೇಲರ್ ಕೈಯಲ್ಲಿದೆ, ಔಷಧ ಎದೆಗೆ ಇಳಿಯುತ್ತಿದೆಯೇ?

ಉಬ್ಬಸಕ್ಕೆ ಇನ್‌ಹೇಲರ್ ಬರೆದುಕೊಟ್ಟ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಮಾತು, ‘ಒಂದು ಸಲ ಶುರು ಮಾಡಿದ್ರೆ ಬಿಡೋಕಾಗಲ್ವಂತೆ, ಮಾತ್ರೆನೇ ಕೊಡಿ ಡಾಕ್ಟ್ರೇ’. ಈ ಭಯಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಸಾಲ್ಬುಟಮಾಲ್‌ನ 4 ಮಿಲಿಗ್ರಾಂ ಮಾತ್ರೆಯಲ್ಲಿ 4,000 ಮೈಕ್ರೋಗ್ರಾಂ ಔಷಧವಿದೆ. ಅದೇ ಔಷಧದ ಇನ್‌ಹೇಲರನ್ನು ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಆಮೇಲೆ ಶ್ವಾಸಕೋಶ ಮುಟ್ಟುತ್ತದೆ. ಅಷ್ಟರಲ್ಲಿ ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ. ಇನ್‌ಹೇಲರ್ ಔಷಧ ನೇರವಾಗಿ ಶ್ವಾಸನಾಳಕ್ಕೇ ಬೀಳುತ್ತದೆ, ಕೆಲವೇ ನಿಮಿಷಗಳಲ್ಲಿ ಉಸಿರು ಸಡಿಲಾಗುತ್ತದೆ. ಚಟ ಹತ್ತಿಸುವ ಗುಣ ಅದಕ್ಕಿಲ್ಲ.

ಆದರೆ ಮಾತ್ರೆಗಿಲ್ಲದ ಒಂದು ಷರತ್ತು ಇದಕ್ಕಿದೆ. ನುಂಗಿದ ಮಾತ್ರೆ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಇನ್‌ಹೇಲರ್ ಮಾತ್ರ ಎಳೆಯುವವರ ಕೈ, ಬಾಯಿ, ಉಸಿರು ಮೂರೂ ಕೂಡಿದರಷ್ಟೇ ಕೆಲಸ ಮಾಡುತ್ತದೆ. ‘ಔಷಧ ಹಿಡಿಸಲಿಲ್ಲ’ ಎಂದು ಡೋಸ್ ಹೆಚ್ಚಿಸಿಕೊಳ್ಳುವ ಮೊದಲು, ಎಳೆಯುವ ಕ್ರಮ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು.

ಮೊದಲು ರೋಗ ಯಾವುದು ತಿಳಿಯಿರಿ

ಸುಂಯ್‌ಗುಟ್ಟುವ ಎದೆಯೆಲ್ಲ ಅಸ್ತಮಾ ಅಲ್ಲ. ಬೀಡಿ ಸೇದಿದವರಿಗೆ, ವರ್ಷಗಟ್ಟಲೆ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ಹೆಂಗಸರಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಾಯಮ್ಮಾಗಿ ಕಿರಿದಾಗುವ ಕಾಯಿಲೆ, ಇರಬಹುದು. ವಯಸ್ಸಾದವರಲ್ಲಿ ಹೃದಯದ ತೊಂದರೆಯೂ ಏದುಸಿರಾಗಿ ಕಾಣಿಸಿಕೊಳ್ಳುತ್ತದೆ. ಚೆನ್ನಾಗಿದ್ದ ಮಗು ಆಡುತ್ತಾ ಇದ್ದಂತೆ ಕೆಮ್ಮಲು ಶುರು ಮಾಡಿದರೆ ಕಡಲೆಬೀಜ ಶ್ವಾಸನಾಳಕ್ಕೆ ಹೋಗಿರಬಹುದು. ಅದಕ್ಕೆ ಇನ್‌ಹೇಲರ್ ಅಲ್ಲ, ಆಸ್ಪತ್ರೆಯೇ ಬೇಕು. ದೊಡ್ಡವರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಬಹುದು. ಕೊಳವೆಯೊಳಗೆ ಜೋರಾಗಿ ಊದಿಸಿ, ಔಷಧ ಕೊಟ್ಟು ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಔಷಧದ ನಂತರ ಶೇ 12ಕ್ಕಿಂತ ಹೆಚ್ಚು ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ಅಸ್ತಮಾ ಎಂಬುದಕ್ಕೆ ಬಲ ಬರುತ್ತದೆ. ಈ ಪರೀಕ್ಷೆಯನ್ನೇ ಮಾಡಿಸದೆ ವರ್ಷಗಳಿಂದ ಇನ್‌ಹೇಲರ್ ಎಳೆಯುತ್ತಿದ್ದರೆ ಒಮ್ಮೆ ಕೇಳಿ ಮಾಡಿಸಿಕೊಳ್ಳಿ.

ಯಾವ ಇನ್‌ಹೇಲರ್ ಯಾವುದಕ್ಕೆ

ಅಸ್ತಮಾದಲ್ಲಿ ಎರಡು ತೊಂದರೆಗಳು ಒಟ್ಟಿಗೆ ನಡೆಯುತ್ತವೆ. ಶ್ವಾಸನಾಳದ ಒಳಗೋಡೆ ಊದಿಕೊಂಡು ಕಫ ಕಟ್ಟುತ್ತದೆ. ಅದರ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಊತ ಇಳಿಸುವುದು ಬ್ಯೂಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್ ಇನ್‌ಹೇಲರ್. ಅಸ್ತಮಾಕ್ಕೆ ಬರೀ ಸಾಲ್ಬುಟಮಾಲ್ ಎಳೆಯುತ್ತಾ ಹೋಗುವುದು ಬೆಂಕಿ ಆರಿಸದೆ ಹೊಗೆ ಬೀಸಿಕೊಂಡಂತೆ. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ರೂಪಿಸುವ ಜಿನಾ ಸಂಸ್ಥೆ 2019ರಿಂದ, ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು ಎನ್ನುತ್ತಿದೆ. ಕೆಲವರಿಗೆ ಬ್ಯೂಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಒಂದೇ ಇನ್‌ಹೇಲರನ್ನು ನಿತ್ಯಕ್ಕೂ ತುರ್ತಿಗೂ ಬರೆಯುತ್ತಾರೆ. ನಿಮ್ಮದು ಯಾವುದು, ದಿನವೂ ಎಳೆಯಬೇಕೋ ಉಬ್ಬಸ ಬಂದಾಗ ಮಾತ್ರವೋ ಎಂದು ವೈದ್ಯರ ಕೈಲೇ ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ನಿತ್ಯದ ಔಷಧವನ್ನು ‘ಈಗ ಆರಾಮಿದೀನಲ್ಲ’ ಎಂದು ನಿಲ್ಲಿಸುವುದೇ ಬಹಳ ಜನ ಮತ್ತೆ ಮತ್ತೆ ಆಸ್ಪತ್ರೆ ಸೇರಲು ಕಾರಣ.

ಎಳೆಯುವ ಕ್ರಮ

ಒತ್ತುವ ಇನ್‌ಹೇಲರ್‌ನಿಂದ ಶುರು ಮಾಡೋಣ. ಬೆನ್ನು ನೆಟ್ಟಗೆ ಮಾಡಿ ಕೂರಿ ಅಥವಾ ನಿಲ್ಲಿ. ಮುಚ್ಚಳ ತೆಗೆದು ಬಾಯಿಯ ಭಾಗದಲ್ಲಿ ಕಸ ಸೇರಿಲ್ಲ ಎಂದು ನೋಡಿ, ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಬಹಳ ದಿನ ಬಳಸದೆ ಇದ್ದರೆ ಮೊದಲು ಗಾಳಿಗೆ ಕೆಲವು ಸಲ ಒತ್ತಬೇಕು. ಎಷ್ಟು ಸಲ ಎಂಬುದು ಜೊತೆಗೆ ಬರುವ ಚೀಟಿಯಲ್ಲಿರುತ್ತದೆ. ಈಗ ಎದೆಯಲ್ಲಿರುವ ಉಸಿರನ್ನು ಆದಷ್ಟು ಹೊರಗೆ ಬಿಡಿ. ಈ ಹಂತವನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ತುಂಬಿದ ಎದೆಗೆ ಔಷಧ ಇಳಿಯಲು ಜಾಗವೆಲ್ಲಿ? ಆಮೇಲೆ ಹಲ್ಲುಗಳ ನಡುವೆ ಇಟ್ಟು ತುಟಿ ಮುಚ್ಚಿ, ಬಾಯಿಂದ ನಿಧಾನವಾಗಿ ಉಸಿರೆಳೆಯಲು ಶುರು ಮಾಡಿ, ಎಳೆತ ಶುರುವಾದ ಕೂಡಲೇ ಒಂದು ಸಲ ಒತ್ತಿ, ಎಳೆಯುತ್ತಲೇ ಇರಿ. ಡಬ್ಬಿ ತೆಗೆದು, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಉಸಿರು ಬಿಗಿಹಿಡಿಯಿರಿ. ಎರಡನೆಯ ಸಲ ಬೇಕಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿನಿಂದ ಮಾಡಿ.

ಕನ್ನಡಿ ಮುಂದೆ ನಿಂತು ಇದನ್ನು ಮಾಡಿ ನೋಡಿ. ತುಟಿಯಂಚಿನಿಂದಲೋ ಮೂಗಿನಿಂದಲೋ ಡಬ್ಬಿಯ ಮೇಲ್ಭಾಗದಿಂದಲೋ ಬಿಳಿ ಹೊಗೆ ಕಂಡರೆ ಔಷಧ ಹೊರಗೇ ಹೋಯಿತೆಂದು ಅರ್ಥ. ನಾಲಿಗೆ ಮೇಲೆ ಕಹಿ ತುಂಬಿಕೊಂಡರೆ ಬಹುಪಾಲು ಬಾಯಲ್ಲೇ ಉಳಿದಿದೆ.

ಒತ್ತುವುದೂ ಎಳೆಯುವುದೂ ಹೊಂದಿಕೆಯಾಗದವರಿಗೆ ಸ್ಪೇಸರ್, ಅಂದರೆ ಇನ್‌ಹೇಲರಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಇದೆ. ನನ್ನ ಕೇಳಿದರೆ ಒತ್ತುವ ಇನ್‌ಹೇಲರ್ ಬಳಸುವ ಎಲ್ಲರಿಗೂ ಅದು ಬೇಕು. ಅಂಗಡಿಯವರು ಕೊಡದಿದ್ದರೆ ಕೇಳಿ ತೆಗೆದುಕೊಳ್ಳಿ. ಅದರೊಳಗೆ ಒಮ್ಮೆ ಒತ್ತಿ, ತಡಮಾಡದೆ ಒಂದೇ ದೀರ್ಘ ಉಸಿರಿನಲ್ಲಿ ಎಳೆದರಾಯಿತು. ಅಷ್ಟು ಶಕ್ತಿಯಿಲ್ಲದ ಅಜ್ಜಿಯರು ಮಾಮೂಲಿನಂತೆ ನಾಲ್ಕೈದು ಸಲ ಉಸಿರಾಡಿದರೆ ಸಾಕು. ಚಿಕ್ಕ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರ್ ಹಾಕಿ, ಮೂಗು ಬಾಯಿ ಎರಡಕ್ಕೂ ಸಂದಿಲ್ಲದಂತೆ ಹಿಡಿಯಬೇಕು. ಎರಡು ಮೂರು ಸಲ ಒಟ್ಟಿಗೆ ಒತ್ತಿ ಆಮೇಲೆ ಎಳೆಯುವುದು ತಪ್ಪು. ಸ್ಪೇಸರನ್ನು ಪಾತ್ರೆ ಸೋಪಿನ ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ ತೆಗೆದು ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಒಳಗೆ ಒರೆಸಿದರೆ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಹತ್ತಿ, ಔಷಧ ಗೋಡೆಗೇ ಅಂಟಿಕೊಳ್ಳುತ್ತದೆ.

ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಇನ್‌ಹೇಲರಿನ ಕ್ರಮ ಇದಕ್ಕೆ ತದ್ವಿರುದ್ಧ. ಅದನ್ನು ಕುಲುಕಬಾರದು, ಎಳೆತ ನಿಧಾನವಲ್ಲ, ಜೋರಾಗಿ, ಒಂದೇ ದಮ್ಮಿಗೆ ಇರಬೇಕು. ಉಸಿರನ್ನು ಅದರೊಳಗೆ ಬಿಡಬೇಡಿ, ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ನುಂಗಬಾರದು.

ಸ್ಟಿರಾಯ್ಡ್ ಇರುವ ಯಾವುದನ್ನೇ ಎಳೆದರೂ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಕಟ್ಟಬಹುದು, ಗಂಟಲು ಒಡೆದಂತಾಗಬಹುದು.

ಡಬ್ಬಿ ಖಾಲಿಯಾಗಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿಯನ್ನು ನಂಬಬೇಡಿ. ಔಷಧ ಮುಗಿದ ಮೇಲೂ ಬರೀ ಗ್ಯಾಸ್ ಬುಸ್ ಎನ್ನುತ್ತಿರುತ್ತದೆ. ಎಣಿಕೆ ತೋರಿಸುವ ಡಬ್ಬಿ ಕೊಳ್ಳಿ, ಅಥವಾ ಶುರು ಮಾಡಿದ ತಾರೀಖನ್ನು ಅದರ ಮೇಲೆ ಬರೆದಿಡಿ.

ಉಬ್ಬಸ ಏರಿದಾಗ

ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ನಿಮ್ಮ ವೈದ್ಯರು ಬರೆದುಕೊಟ್ಟ ಕ್ರಮವಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಸಾಲ್ಬುಟಮಾಲನ್ನು ಸ್ಪೇಸರ್ ಮೂಲಕ ಒಂದು ಸಲ ಒತ್ತಿ ನಾಲ್ಕು ಸಲ ಉಸಿರಾಡಿಸಿ; ಹೀಗೆ ನಾಲ್ಕು ಬಾರಿ ಮಾಡಿ, ನಾಲ್ಕು ನಿಮಿಷ ಕಾಯಿರಿ. ಸಡಿಲಾಗದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಇದನ್ನೇ ಮುಂದುವರಿಸಿ.

ಕೆಲವು ಲಕ್ಷಣ ಕಂಡರೆ ನಾಲ್ಕು ನಿಮಿಷವೂ ಕಾಯಬಾರದು. ಒಂದು ವಾಕ್ಯ ಪೂರ್ತಿ ಹೇಳಲಾಗದೆ ಪದಪದಕ್ಕೂ ನಿಲ್ಲುವುದು, ತುಟಿ ಉಗುರು ನೀಲಿಯಾಗುವುದು, ಉಸಿರೆಳೆದಾಗ ಪಕ್ಕೆಲುಬಿನ ಸಂದು, ಕೊರಳ ಗುಳಿ ಒಳಕ್ಕೆ ಸೆಳೆಯುವುದು, ಮಂಪರು. ಇನ್ನೊಂದನ್ನು ಒತ್ತಿ ಹೇಳಬೇಕು: ಇಷ್ಟು ಹೊತ್ತು ಸುಂಯ್‌ಗುಟ್ಟುತ್ತಿದ್ದ ಎದೆ ಸದ್ದಡಗಿ, ರೋಗಿ ಮಾತ್ರ ಸುಸ್ತಾಗುತ್ತಿದ್ದರೆ ಅದು ಗುಣವಲ್ಲ. ಗಾಳಿಯೇ ಆಡುತ್ತಿಲ್ಲ, ಜೀವಕ್ಕೆ ಅಪಾಯವಿದೆ.

ಸ್ಪೇಸರ್ ಮನೆಯಲ್ಲಿಲ್ಲವೆಂದು ಕೈಚೆಲ್ಲಬೇಕಿಲ್ಲ. ದಕ್ಷಿಣ ಆಫ್ರಿಕಾದ ವೈದ್ಯರು 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ತೂತು ಕೊರೆದು, ಇನ್‌ಹೇಲರ್ ಬಾಯನ್ನು ಅದಕ್ಕೆ ಕೂರಿಸಿ ಸಂದು ಮುಚ್ಚಿ, ಮಕ್ಕಳಿಗೆ ಕೊಟ್ಟು ನೋಡಿದರು. ಕೊಂಡು ತಂದ ಸ್ಪೇಸರಿನಷ್ಟೇ ಚೆನ್ನಾಗಿ ಅದೂ ಕೆಲಸ ಮಾಡಿತೆಂಬ ಅವರ ವರದಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಗು ಬಾಟಲಿಯ ಬಾಯಿಗೆ ತುಟಿಯಿಟ್ಟು ಉಸಿರಾಡುತ್ತದೆ. ಆರಾಮಾಗಿರುವ ಹೊತ್ತಿನಲ್ಲೇ ಒಂದನ್ನು ಮಾಡಿ, ಸೋಪು ನೀರಿನಲ್ಲಿ ಅದ್ದಿ ಒಣಗಿಸಿಡಿ.

ಮನೆಯೊಳಗೆ, ಊರಿನೊಳಗೆ

ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ಸೊಳ್ಳೆಬತ್ತಿ, ಊದುಬತ್ತಿ, ದೀಪಾವಳಿಯ ಪಟಾಕಿ, ಹಾಸಿಗೆಯ ದೂಳು, ಪಾರ್ಥೇನಿಯಂ ಪರಾಗ, ಇವೆಲ್ಲ ಉಬ್ಬಸ ಕೆರಳಿಸಬಹುದು. ಎಲ್ಲವೂ ಎಲ್ಲರಿಗೂ ಆಗದು ಎಂದಲ್ಲ. ಉಬ್ಬಸ ಬಂದ ದಿನ ಏನು ನಡೆದಿತ್ತೆಂದು ಒಂದು ತಿಂಗಳು ಬರೆದಿಟ್ಟರೆ ನಿಮ್ಮದು ಯಾವುದು ಎಂದು ತಿಳಿಯುತ್ತದೆ.

ಮೃಗಶಿರಾ ಮಳೆಯ ಹೊತ್ತಿಗೆ, ಅಸ್ತಮಾಕ್ಕೆಂದು ಹೈದರಾಬಾದಿನಲ್ಲಿ ಕೊಡುವ ಮೀನಿನ ಪ್ರಸಾದಕ್ಕೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಅದು ಅಸ್ತಮಾ ವಾಸಿ ಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ನಂಬಿಕೆಯಿಂದ ಹೊರಟವರಲ್ಲಿ ನನ್ನ ಕಳಕಳಿಯ ಮನವಿ ಇಷ್ಟೇ: ನಿತ್ಯದ ಇನ್‌ಹೇಲರನ್ನು ಒಂದು ದಿನವೂ ನಿಲ್ಲಿಸಬೇಡಿ, ತುರ್ತಿನದನ್ನು ಜೇಬಿನಲ್ಲೇ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲಿ.

ಗರ್ಭಿಣಿಯರೂ ಔಷಧ ನಿಲ್ಲಿಸಬಾರದು. ಇನ್‌ಹೇಲರ್‌ಗಿಂತ ತಾಯಿಯ ಉಬ್ಬಸವೇ ಮಗುವಿಗೆ ಹೆಚ್ಚು ಕೇಡು. ಶಾಲೆಗೆ ಹೋಗುವ ಮಗುವಿದ್ದರೆ ಹೆಸರು, ತರಗತಿ, ಎಷ್ಟು ಸಲ ಒತ್ತಬೇಕೆಂಬುದನ್ನು ಬರೆದ ಚೀಟಿ ಅಂಟಿಸಿ ಒಂದು ಇನ್‌ಹೇಲರನ್ನೂ ಸ್ಪೇಸರನ್ನೂ ಬ್ಯಾಗಿನಲ್ಲಿಡಿ, ಕ್ಲಾಸ್ ಟೀಚರ್ ಮುಂದೆ ಒಮ್ಮೆ ಬಳಸಿ ತೋರಿಸಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ನಿಮ್ಮ ಇನ್‌ಹೇಲರನ್ನೂ ಜೊತೆಗೆ ಒಯ್ದು, ‘ನಾನು ಎಳೆಯೋದು ಒಂದ್ಸಲ ನೋಡಿ ಹೇಳಿ’ ಎಂದು ಅವರ ಎದುರೇ ಎಳೆದು ತೋರಿಸಿ.