ಬೇಡವೆಂದು ಬಿಟ್ಟದ್ದು ಯಾವುದು, ಕೇಳಿದ್ದೀರಾ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿ ಮಕ್ಕಳಿಗೆ ಮುಂದೇನು ಓದಬೇಕೆಂದು ಮಾರ್ಗದರ್ಶನ ಮಾಡುವ ಹೊಣೆಯೂ ನನ್ನದೇ. ಪಿಯುಸಿ, ಡಿಪ್ಲೊಮಾ, ಐಟಿಐ ಎಂದು ವಿವರಿಸುತ್ತೇನೆ, ಆಸಕ್ತಿ ಪರೀಕ್ಷೆಯ ಹಾಳೆ ತುಂಬಿಸುತ್ತೇನೆ. ಮೋಟಾರ್ ರಿವೈಂಡಿಂಗ್ ಅಂಗಡಿಯವರ ಮಗಳೊಬ್ಬಳಿದ್ದಾಳೆ. ಅಪ್ಪನ ಪಕ್ಕ ಕೂತು ಪಂಪ್‌ಸೆಟ್ ಮೋಟಾರಿಗೆ ತಾನೇ ತಂತಿ ಸುತ್ತುತ್ತಾಳೆ. ಹಾಳೆಯಲ್ಲಿ ಮಾತ್ರ ಯಂತ್ರದ ಕೆಲಸಗಳಿಗೆಲ್ಲ ‘ಇಷ್ಟವಿಲ್ಲ’ ಎಂದು ಗುರುತು ಹಾಕಿದ್ದಾಳೆ. ಕಾಮರ್ಸ್ ತಗೊಂಡು ಬ್ಯಾಂಕ್ ಪರೀಕ್ಷೆ ಬರೆಯುತ್ತಾಳಂತೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. ವೃತ್ತಿ ಸಿದ್ಧಾಂತಗಳನ್ನು ಓದಿದರೆ ಪ್ರಯೋಜನವಾದೀತೇ? ಇಲ್ಲ ಅವೆಲ್ಲ ಪುಸ್ತಕದಲ್ಲೇ ಚೆಂದವೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಓದಿ. ಆದರೆ ಆ ಹುಡುಗಿಗೆ ಯಾವ ಕೋರ್ಸ್ ಎಂಬುದು ಅಲ್ಲಿ ಸಿಗುತ್ತದೆಂದು ಕಾಯಬೇಡಿ. ಅವಳನ್ನು ಮುಂದೆ ಏನು ಕೇಳಬೇಕು ಎಂಬುದು ಸಿಗುತ್ತದೆ. ನಿಮಗೆ ಬೇಕಿರುವುದೂ ಅದೇ.

ಈಗ ನೀವು ಮಾಡುತ್ತಿರುವುದರ ಹಿಂದೆಯೂ ಒಂದು ಸಿದ್ಧಾಂತವಿದೆ. 1908ರಲ್ಲಿ ಬಾಸ್ಟನ್‌ನಲ್ಲಿ ವೃತ್ತಿ ಸಲಹಾ ಕೇಂದ್ರ ತೆರೆದ ಫ್ರಾಂಕ್ ಪಾರ್ಸನ್ಸ್, ತನ್ನನ್ನು ಅರಿತು, ಕೆಲಸಗಳನ್ನೂ ಅರಿತು, ಎರಡನ್ನು ವಿವೇಚನೆಯಿಂದ ಹೊಂದಿಸಬೇಕು ಎಂದರು. ಮುಂದೆ ಜಾನ್ ಹಾಲೆಂಡ್ ಜನರನ್ನೂ ಕೆಲಸಗಳನ್ನೂ ಆರು ಬಗೆಯಾಗಿ ವಿಂಗಡಿಸಿದರು. ಇಂದಿನ ಎಷ್ಟೋ ಆಸಕ್ತಿ ಪರೀಕ್ಷೆಗಳು ಆ ವಿಂಗಡಣೆಯನ್ನೇ ನೆಚ್ಚಿಕೊಂಡಿವೆ. ಆದರೆ ‘ಇಷ್ಟವಿಲ್ಲ’ ಎಂಬ ಗುರುತು ಎಲ್ಲಿಂದ ಬಂತೆಂದು ಹಾಳೆ ಹೇಳುವುದಿಲ್ಲ.

ಅದಕ್ಕೆ ಲಿಂಡಾ ಗಾಟ್‌ಫ್ರೆಡ್‌ಸನ್ ಅವರನ್ನು ಓದಿ. ಮಕ್ಕಳು ಕೆಲಸವನ್ನು ಆರಿಸುವುದಕ್ಕೂ ಮುಂಚೆ ಒಂದೊಂದನ್ನೇ ಕೈಬಿಡುತ್ತಾ ಬರುತ್ತಾರೆ ಎಂದು ಅವರು 1981ರಲ್ಲಿ ಬರೆದರು. ಆರರಿಂದ ಎಂಟರ ವಯಸ್ಸಿನಲ್ಲಿ ‘ಇದು ಗಂಡಸರ ಕೆಲಸ, ಇದು ಹೆಂಗಸರದು’ ಎಂಬ ಗೆರೆ ಬೀಳುತ್ತದೆ. ಒಂಬತ್ತರಿಂದ ಹದಿಮೂರರೊಳಗೆ ‘ಇದಕ್ಕೆ ಮರ್ಯಾದೆಯಿಲ್ಲ, ಅದು ನಮಗೆ ಎಟುಕದು’ ಎಂಬ ಇನ್ನೊಂದು. ತನಗೇನು ಇಷ್ಟ ಎಂಬ ಯೋಚನೆ ಶುರುವಾಗುವುದು ಹದಿನಾಲ್ಕರ ನಂತರ. ನಿಮ್ಮ ಹಾಳೆ ಕೈಗೆ ಬರುವ ಹೊತ್ತಿಗೆ ಎಷ್ಟೋ ದಾರಿಗಳು ಮುಚ್ಚಿರುತ್ತವೆ.

ಹಾಗಾಗಿ ‘ಏನಾಗಬೇಕು ಅಂತಿದ್ದೀಯಮ್ಮಾ?’ ಎನ್ನುವ ಬದಲು, ‘ಯಾವುದು ಬೇಡ ಅನ್ನಿಸಿತು? ಯಾವಾಗಿನಿಂದ? ಯಾರಾದರೂ ಏನಾದರೂ ಅಂದರಾ?’ ಎಂದು ಕೇಳಿ. ‘ಹೆಣ್ಣುಹುಡುಗಿ ಕೈಯೆಲ್ಲ ಗ್ರೀಸ್ ಮಾಡ್ಕೋತಾಳಲ್ಲ’ ಎಂದು ಗಿರಾಕಿಯೊಬ್ಬರು ನಕ್ಕದ್ದು ಹೊರಬರಬಹುದು. ಅಥವಾ ಮಳೆಗಾಲದಲ್ಲಿ ಕೆಲಸವಿಲ್ಲದೆ ಅಪ್ಪ ಪಡುವ ಪಾಡು ನೋಡಿ ತಿಂಗಳ ಸಂಬಳವೇ ವಾಸಿ ಎಂದುಕೊಂಡಿರಬಹುದು. ಎರಡನೆಯದಾದರೆ ಅದು ತಿಳಿದು ಮಾಡಿದ ಆಯ್ಕೆ; ಅಡ್ಡ ಬರಬೇಡಿ.

ಮೊದಲನೆಯದಾದರೆ ನಿಮಗೆ ಕೆಲಸವಿದೆ. ಆಲ್ಬರ್ಟ್ ಬಂಡೂರಾ ಅವರ ವಿಚಾರದ ಮೇಲೆ ಲೆಂಟ್, ಬ್ರೌನ್, ಹ್ಯಾಕೆಟ್ 1994ರಲ್ಲಿ ಕಟ್ಟಿದ ಸಿದ್ಧಾಂತದ ತಿರುಳು, ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ. ಬರೀ ಹುರಿದುಂಬಿಸುವ ಮಾತಿಗಿಂತ ಸ್ವತಃ ಮಾಡಿ ಗೆದ್ದ ಅನುಭವ ಆ ನಂಬಿಕೆಯನ್ನು ಹೆಚ್ಚು ಬೆಳೆಸುತ್ತದೆ. ತನ್ನಂಥವರು ಮಾಡಿದ್ದನ್ನು ನೋಡುವುದೂ ನೆರವಾಗುತ್ತದೆ. ವಿದ್ಯುತ್ ಮೋಟಾರಿನ ಪಾಠ ಬಂದಾಗ ಕಾಯಿಲ್ ಸುತ್ತಿ ತೋರಿಸಲು ಅವಳನ್ನೇ ಕರೆಯಿರಿ. ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿರುವ ಹಳೆಯ ವಿದ್ಯಾರ್ಥಿನಿ ಇದ್ದರೆ ಒಂದು ದಿನ ಶಾಲೆಗೆ ಕರೆಸಿ ಮಾತಾಡಿಸಿ.

ಒಂದು ಎಚ್ಚರ. ಇವೆಲ್ಲ ಅಮೆರಿಕದಲ್ಲಿ ಹುಟ್ಟಿದ ಸಿದ್ಧಾಂತಗಳು. ನಮ್ಮಲ್ಲಿ ಎಷ್ಟೋ ಸಲ ತೀರ್ಮಾನ ಮನೆಯವರದ್ದು. ಕುಟುಂಬ, ಸಂಸ್ಕೃತಿಗಳನ್ನು ಬಿಟ್ಟು ವೃತ್ತಿ ಸಲಹೆಯಿಲ್ಲ ಎಂಬ ನೆಲೆಯಿಂದ ಬೆಂಗಳೂರಿನ ಗಿಡಿಯನ್ ಅರುಳ್ಮಣಿ ಕೆಲಸ ಮಾಡಿದ್ದಾರೆ, ಅವರನ್ನೂ ಓದಿ. ಅಂಗಡಿಗೇ ಹೋಗಿ ಅಪ್ಪನ ಜೊತೆ ಮಾತಾಡಿ. ಮಗಳ ಕೈಚಳಕದ ಬಗ್ಗೆ ಅವರೇ ಏನೆನ್ನುತ್ತಾರೋ ಕೇಳಿ.

ಎಲ್ಲವನ್ನೂ ಒಮ್ಮೆಲೇ ಓದಬೇಕಿಲ್ಲ. ಗಾಟ್‌ಫ್ರೆಡ್‌ಸನ್ ಅವರಿಂದ ಶುರುಮಾಡಿ. ಮಕ್ಕಳ ಮುಂದೆ ಸಿದ್ಧಾಂತದ ಹೆಸರೆತ್ತುವುದು ಬೇಡ. ಹುಡುಗಿ ಕೊನೆಗೆ ಕಾಮರ್ಸನ್ನೇ ಹಿಡಿದರೂ ಸರಿಯೇ. ಅರ್ಜಿ ತುಂಬುವಾಗ ‘ಯಾಕೆ’ ಎಂದರೆ ತನ್ನದೇ ಕಾರಣ ಹೇಳುವಂತಿರಬೇಕು, ಅಷ್ಟೆ.