ಅಕ್ಕಿ ಬಿಯರ್‌ನ ತೆಳು ರುಚಿ ಹಿಡಿಯುವುದು ಹೇಗೆ?

ಲಘು ಬಿಯರ್ ಕುಡಿದವರು “ಏನೂ ರುಚಿ ಇಲ್ಲ, ನೀರು ಕುಡಿದ ಹಾಗಿತ್ತು” ಅನ್ನುವುದುಂಟು. ರುಚಿ ಇರುತ್ತದೆ, ಆದರೆ ತೆಳುವಾಗಿರುತ್ತದೆ. ಅದನ್ನು ಹಿಡಿಯಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರಿಗೆ ಒಂದು ಅನುಕೂಲವಿದೆ: ಅಕ್ಕಿ, ರಾಗಿ ಎರಡರ ವಾಸನೆಯೂ ನಮ್ಮ ಮೂಗಿಗೆ ಚಿಕ್ಕಂದಿನಿಂದ ಗೊತ್ತು.

ಜಪಾನಿನ ಹಲವು ಲಘು ಬಿಯರ್‌ಗಳಿಗೆ ಬಾರ್ಲಿಯ ಜೊತೆ ಅಕ್ಕಿಯೂ ಬೀಳುತ್ತದೆ. 1987ರಲ್ಲಿ ಬಂದ ಅಸಾಹಿ ಸೂಪರ್ ಡ್ರೈ ಇದಕ್ಕೊಂದು ಹೆಸರಾದ ಉದಾಹರಣೆ. ಅಲ್ಲಿ ತೆರಿಗೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪ್ರಮಾಣದ ಮೇಲೆ ನಿಂತಿದ್ದರಿಂದ, ಮಾಲ್ಟ್ ಕಡಿಮೆ ಮಾಡಿದ ‘ಹಪ್ಪೋಶು’ ಎಂಬ ಅಗ್ಗದ ಬಗೆ 1990ರ ದಶಕದಲ್ಲಿ ಮನೆಮಾತಾಯಿತು. ಆದರೆ ಆಮದಾಗಿ ಬಂದದ್ದು ನಮಗೆ ಅಗ್ಗವಲ್ಲ. ನಮ್ಮ ದೇಶದ ಲಾಗರ್ ಎಂಬ ಬಗೆಯ ಅನೇಕ ಸಾಧಾರಣ ಬಿಯರ್‌ಗಳಿಗೂ ಅಕ್ಕಿ ಹಾಕುತ್ತಾರೆ. ಕಲಿಯಲು ಅದೇ ಸಾಕು. ಈ ಅಭ್ಯಾಸ 21 ತುಂಬಿದವರಿಗೆ ಮಾತ್ರ.

ಹಂತ 1: ಲೇಬಲ್ ಓದಿ
ಅಕ್ಕಿ ಹಾಕಿದ ಲಾಗರ್ ಒಂದು, ಬರೀ ಮಾಲ್ಟ್‌ನದು ಒಂದು ತನ್ನಿ. ತಯಾರಾದ ತಿಂಗಳು ಹತ್ತಿರದ್ದಾಗಿರಲಿ. ಬಿಸಿಲಿಗೆ ಇಟ್ಟ ಬಾಟಲಿ ಬೇಡ. ಬೆಳಕು ತಾಗಿದರೆ ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಕೆಟ್ಟು ನಾರುತ್ತದೆ. ಕಂದು ಬಾಟಲಿ ಅಥವಾ ಕ್ಯಾನ್ ಮೇಲು.

ಹಂತ 2: ಮೂಗಿಗೆ ಪಾಠ
ಮೂರು ಬಟ್ಟಲು ಇಡಿ. ಒಂದರಲ್ಲಿ ಈಗಷ್ಟೇ ಬಸಿದ ಅನ್ನದ ಗಂಜಿ, ಇನ್ನೊಂದರಲ್ಲಿ ಮೊಳಕೆ ಕಟ್ಟಿ ಹುರಿದು ಬೀಸಿದ ರಾಗಿಹಿಟ್ಟು, ಮೂರನೆಯದರಲ್ಲಿ ನೆನೆಸಿದ ಮೆಂತ್ಯ. ಗಂಜಿ ಅಕ್ಕಿಯ ಗುರುತು, ರಾಗಿಹಿಟ್ಟು ಮಾಲ್ಟ್‌ನ ಗುರುತು. ಮಾಲ್ಟ್ ಅಂದರೂ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ತಾನೆ. ಮೆಂತ್ಯ ಕಹಿಯ ಗುರುತು. ಮೂರನ್ನೂ ಮೂಸಿ, ಮೆಂತ್ಯದ ಒಂದು ಕಾಳು ಅಗಿದು, ಬಾಯಿ ತೊಳೆದುಕೊಳ್ಳಿ.

ಹಂತ 3: ಲೋಟ
ಗಾಜಿನ ಲೋಟದಲ್ಲಿ ಸೋಪು, ಎಣ್ಣೆಯ ಪಸೆ ಇರಬಾರದು. ಇದ್ದರೆ ನೊರೆ ನಿಲ್ಲುವುದಿಲ್ಲ, ಗುಳ್ಳೆಗಳು ಗಾಜಿನ ಗೋಡೆಗೆ ಅಂಟುತ್ತವೆ. ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಬಿಡಿ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ನಾಲಿಗೆಗೆ ಏನೂ ತಿಳಿಯದು. ಲೋಟ ಓರೆ ಹಿಡಿದು ಸುರಿಯಿರಿ, ಕೊನೆಗೆ ನೇರ ಮಾಡಿ ಎರಡು ಬೆರಳು ನೊರೆ ಬರಿಸಿ.

ಹಂತ 4: ನೋಡಿ, ಮೂಸಿ
ಬಣ್ಣ ಹುಲ್ಲಿನ ಹಳದಿ, ತಿಳಿಯಾಗಿರಬೇಕು. ನೊರೆ ಇರುವಾಗಲೇ ಮೂಸಿ. ಗಂಜಿಯ ಹಬೆಯ ನೆನಪಾದರೆ ಅಕ್ಕಿ ಸಿಕ್ಕಿತು. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್ ಹಳತಾಗಿದೆ.

ಹಂತ 5: ಗುಟುಕು
ಒಂದು ಗುಟುಕು ನಾಲಿಗೆಯ ಮೇಲೆಲ್ಲ ಹರಡಿ ನುಂಗಿ. ಉಗುಳಬೇಡಿ, ಬಿಯರಿನ ಕಹಿ ನುಂಗಿದ ಮೇಲೂ ಬಾಯಲ್ಲಿ ನಿಲ್ಲುತ್ತದೆ. ಮನಸ್ಸಿನಲ್ಲೇ ಹತ್ತು ಎಣಿಸಿ. ಅಕ್ಕಿಯ ಪಿಷ್ಟ ಮೊದಲು ಸಕ್ಕರೆಯಾಗಿ, ಹುಳಿಯುವಾಗ ಬಹುಪಾಲು ಮದ್ಯವಾಗಿಬಿಡುತ್ತದೆ, ಬಾರ್ಲಿಯಷ್ಟು ಪ್ರೋಟೀನ್ ಅದರಲ್ಲಿಲ್ಲ. ಹಾಗಾಗಿ ಸಿಹಿಯೂ ದಪ್ಪವೂ ಬಾಯಲ್ಲಿ ಉಳಿಯುವುದಿಲ್ಲ. ಈ ಚುರುಕು ಮುಕ್ತಾಯವನ್ನು ಜಪಾನಿನವರು ‘ಕರಾಕುಚಿ’ ಎನ್ನುತ್ತಾರೆ. ಈಗ ಬರೀ ಮಾಲ್ಟ್‌ನದನ್ನು ಕುಡಿದು ನೋಡಿ: ರಾಗಿಹಿಟ್ಟಿನ ಹುರಿದ ಕಂಪು ಎದ್ದು ಬರುತ್ತದೆ.

ಹಂತ 6: ನಂಜಿಕೊಳ್ಳಲು
ಖಾರ ಮೊದಲೇ ಬೇಡ. ಬೇಯಿಸಿದ ಕಡಲೆಕಾಯಿಯಿಂದ ಶುರು ಮಾಡಿ. ಹುರಿದ ಮೀನು ಕೊನೆಗೆ. ಪ್ರತಿ ಸಲ ಕಂಡದ್ದನ್ನು ಒಂದು ಸಾಲು ಬರೆದಿಡಿ.

ಹಂತ 7: ನಿಲ್ಲಿಸಿ
ರುಚಿ ನೋಡಲು ತಲೆಗೆ ಅರ್ಧ ಲೋಟದಂತೆ ಎರಡು ಬಗೆ ಸಾಕು. ಆಮೇಲೆ ನಾಲಿಗೆ ಮಂದವಾಗುತ್ತದೆ. ಮನೆಯಲ್ಲೇ ಕೂತು ನೋಡಿ. ಕಾವೇರಿ ದಂಡೆ, ನಾಲೆ ಏರಿ ಇದಕ್ಕೆ ಜಾಗವಲ್ಲ. ಬೈಕು, ಕಾರಿನ ಕೀಲಿ ಆ ದಿನ ಮುಟ್ಟಬೇಡಿ. ಖಾಲಿ ಬಾಟಲಿಯನ್ನು ಗದ್ದೆಗೆ ಎಸೆಯಬೇಡಿ. ನೀವು ರುಚಿ ಹುಡುಕಿದ ಅಕ್ಕಿ ಬೆಳೆಯುವುದು ಅಂಥದೇ ಕೆಸರಲ್ಲಿ; ಅಲ್ಲಿ ನಾಟಿಗೆ ಇಳಿಯುವ ಹೆಂಗಸರ ಕಾಲಿಗೆ ಚಪ್ಪಲಿ ಇರುವುದಿಲ್ಲ.