ಗ್ರಾಮೀಣ ಯುವ ನಾಯಕತ್ವ: ಬಾಗಲಕೋಟೆ ಜಿಲ್ಲೆಯ ನೋಟ

ವಿಜಯಪುರದಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡ ಜಿಲ್ಲೆ ಬಾಗಲಕೋಟೆ. ಇಳಕಲ್ ಮೊದಲು ಹುನಗುಂದ ತಾಲ್ಲೂಕಿನಲ್ಲಿತ್ತು. ಈಗ ಪ್ರತ್ಯೇಕ ತಾಲ್ಲೂಕು.

ಹಳ್ಳಿಗಳ ಯುವಕ, ಯುವತಿ ಮಂಡಳಗಳಿಗೆ ಹಳೆಯ ಆಸರೆ ನೆಹರು ಯುವ ಕೇಂದ್ರ (ಆರಂಭ 1972, ಸ್ವಾಯತ್ತ ಸಂಘಟನೆಯಾದದ್ದು 1987). 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರದ ಯುವಜನ ಸಂಸ್ಥೆ 'ಮೇರಾ ಯುವ ಭಾರತ್' ಆರಂಭವಾಯಿತು. ಇಂಥ ಮಂಡಳವನ್ನು ಕರ್ನಾಟಕದಲ್ಲಿ ಸಂಘವಾಗಿ ನೋಂದಾಯಿಸಲು 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ 7 ಸದಸ್ಯರು ಬೇಕು.

'ಯುವಜನ' ಎಂದರೆ ಯಾವ ವಯಸ್ಸಿನವರು ಎಂಬ ಪ್ರಶ್ನೆಯಲ್ಲಿ ಹಲವರು ಎಡವುತ್ತಾರೆ. 2003ರ ರಾಷ್ಟ್ರೀಯ ಯುವ ನೀತಿಯಲ್ಲಿ 13–35, 2014ರ ನೀತಿಯಲ್ಲಿ 15–29. ವಿಶ್ವಸಂಸ್ಥೆಯ ಲೆಕ್ಕದಲ್ಲಿ 15–24. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿತು. ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಲು ಮಾತ್ರ 21 ತುಂಬಿರಬೇಕು. ಹಾಗಾಗಿ 18ರಿಂದ 21ರವರೆಗಿನವರಿಗೆ ವಾರ್ಡ್ ಸಭೆ, ಗ್ರಾಮಸಭೆಗಳೇ ನಿಜವಾದ ತರಬೇತಿ ಶಾಲೆ.

ಪರೀಕ್ಷೆಯ ವಿವರಣಾತ್ಮಕ ಉತ್ತರಕ್ಕೆ ಸ್ಥಳೀಯ ಅಂಶ ಸೇರಿಸಿ: ಬಾದಾಮಿ, ಹುನಗುಂದ ಭಾಗದ ಮಳೆಯಾಶ್ರಿತ ಊರುಗಳಿಂದ ದುಡಿಯುವ ವಯಸ್ಸಿನವರು ಗೋವಾ, ಮಂಗಳೂರಿನತ್ತ ಗುಳೆ ಹೋಗುತ್ತಾರೆ. ಪದಾಧಿಕಾರಿಗಳೇ ಊರಲ್ಲಿಲ್ಲದಿದ್ದರೆ ಮಂಡಳ ಕಡತದಲ್ಲಷ್ಟೇ ಉಳಿಯುತ್ತದೆ. ಇಳಕಲ್ಲಿನ ಸೀರೆ ನೇಯ್ಗೆಯಂಥ ಊರಿನ ಕಸುಬು ಯುವಜನರನ್ನು ಅಲ್ಲಿಯೇ ಉಳಿಸಬಲ್ಲದು, ಕೂಲಿ ಗಿಟ್ಟಿದರೆ. ಯುವತಿಯರ ಗುಂಪುಗಳು ಬಾಲ್ಯವಿವಾಹದ ವಿಷಯವನ್ನು ಗ್ರಾಮಸಭೆಯಲ್ಲೇ ಎತ್ತಬಹುದು.

ನೆನಪಿಡಿ: ರಾಷ್ಟ್ರೀಯ ಯುವ ದಿನ ಜನವರಿ 12, ಅಂತರರಾಷ್ಟ್ರೀಯ ಯುವ ದಿನ ಆಗಸ್ಟ್ 12.